ನೀರು ನಿಲ್ಲುವ ಬಚ್ಚಲು, ಎಡವಿಸುವ ಮೆಟ್ಟಿಲು

ಗೃಹಪ್ರವೇಶದ ತೋರಣ ಒಣಗುವ ಮೊದಲೇ ಹೊಸ ಮನೆಯಲ್ಲಿ ಕೆಲವು ಕಿರಿಕಿರಿಗಳು ತಲೆದೋರುತ್ತವೆ. ಸ್ನಾನ ಮುಗಿದರೂ ಬಚ್ಚಲಿನ ಮೂಲೆಯಲ್ಲಿ ನೀರು ನಿಂತೇ ಇರುತ್ತದೆ, ಪ್ರತಿ ಸಲ ವೈಪರ್ ಹಿಡಿದು ತಳ್ಳಬೇಕು. ಮಹಡಿಯ ಶವರ್‌ನಲ್ಲಿ ನೀರು ಜಿನುಗುತ್ತದೆ. ಅಡುಗೆ ಕಟ್ಟೆಯ ಮುಂದೆ ಅರ್ಧ ಗಂಟೆ ನಿಂತರೆ ಭುಜ ಹಿಡಿದುಕೊಳ್ಳುತ್ತದೆ. ಮೆಟ್ಟಿಲ ಕೊನೆಯ ಹೆಜ್ಜೆಯಲ್ಲಿ ಬಂದವರೆಲ್ಲ ಎಡವುತ್ತಾರೆ. ಮೇಸ್ತ್ರಿ ಸರಿಯಿರಲಿಲ್ಲ ಎಂದುಕೊಂಡು ನಾವು ಸುಮ್ಮನಾಗುತ್ತೇವೆ, ಮುಂದಿನ ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಬದುಕುತ್ತೇವೆ. ಆದರೆ ಈ ತೊಂದರೆಗಳಲ್ಲಿ ಬಹುಪಾಲು ಯಾವೊಬ್ಬ ಕೆಲಸಗಾರನ ತಪ್ಪೂ ಅಲ್ಲ. ಅವು ಹೇಗೆ ಹುಟ್ಟುತ್ತವೆ ಎಂದು ತಿಳಿದರೆ, ಮನೆ ಕಟ್ಟಿಸುವವರು ಅವನ್ನು ಹೆಚ್ಚು ಖರ್ಚಿಲ್ಲದೆ ತಪ್ಪಿಸಬಹುದು.

ಮೊದಲು ಬಚ್ಚಲನ್ನು ನೋಡೋಣ. ನೀರು ತಾನಾಗಿ ಹರಿದುಹೋಗಲು ನೆಲಕ್ಕೆ ಇಳಿಜಾರು ಬೇಕು. ಗಾರೆ ಕೆಲಸದವರು ಇದನ್ನು ವಾಟ ಎನ್ನುತ್ತಾರೆ. 80ರಿಂದ 100 ಸೆಂಟಿಮೀಟರ್ ಉದ್ದಕ್ಕೆ 1 ಸೆಂಟಿಮೀಟರ್ ಇಳಿತ ಎಂಬುದು ರೂಢಿಯ ಲೆಕ್ಕ. ಆರು ಅಡಿ ಉದ್ದದ ಬಚ್ಚಲಿನಲ್ಲಿ ಈ ತುದಿಗೂ ಆ ತುದಿಗೂ ಸುಮಾರು 2 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಸಾಕು. ಇಷ್ಟು ಸಣ್ಣ ಲೆಕ್ಕವೂ ಯಾಕೆ ತಪ್ಪುತ್ತದೆ?

ಕೆಲಸ ನಡೆಯುವ ಕ್ರಮವನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಬಚ್ಚಲಿಗೆ ಮೊದಲು ಬರುವವರು ಪ್ಲಂಬರ್. ನೆಲ ಇನ್ನೂ ಬರಿಯ ಕಾಂಕ್ರೀಟ್ ಆಗಿರುವಾಗಲೇ ಅವರು ನಹಾನಿ ಟ್ರ್ಯಾಪ್ ಕೂರಿಸುತ್ತಾರೆ, ಅಂದರೆ ನೀರು ಹೊರಹೋಗುವ ಬಾಯಿಯನ್ನು ಒಂದು ಎತ್ತರಕ್ಕೆ ಖಾಯಂ ಮಾಡುತ್ತಾರೆ. ಅದರ ಮೇಲೆ ನೀರು ಸೋರದಂತೆ ಬಳಿಯುವ ಲೇಪ, ಸಿಮೆಂಟ್ ಗಾರೆ, ಟೈಲ್ಸ್ ಎಲ್ಲ ಸೇರಿ ಎರಡು ಇಂಚಿಗೂ ಹೆಚ್ಚು ದಪ್ಪವಾಗಬಹುದು. ಎಷ್ಟಾಗುತ್ತದೆ ಎಂದು ಪ್ಲಂಬರ್‌ಗೆ ಯಾರೂ ಹೇಳಿರುವುದಿಲ್ಲ, ಯಾಕೆಂದರೆ ಮನೆಯವರು ಟೈಲ್ಸ್ ಆರಿಸುವುದು ಅದಾಗಿ ಎರಡು ತಿಂಗಳ ಮೇಲೆ. ಅವರು ಅಂದಾಜಿನ ಮೇಲೆ ಕೂರಿಸುತ್ತಾರೆ. ಆ ಅಂದಾಜು ಒಂದು ಸೆಂಟಿಮೀಟರ್ ಮೇಲಾದರೂ ಅರ್ಧ ವಾಟ ಅಲ್ಲಿಗೇ ಹೋಯಿತು. ಆಮೇಲೆ ಬರುವ ಟೈಲ್ಸ್ ಕೆಲಸದವರು ಇನ್ನೊಂದು ತುದಿಯನ್ನು ಎತ್ತರಿಸಿ ಸರಿಮಾಡೋಣ ಎಂದರೆ ಅಲ್ಲಿ ಬಾಗಿಲು ಅಡ್ಡ ಬರುತ್ತದೆ. ಬಚ್ಚಲಿನ ನೆಲ ಕೋಣೆಯ ನೆಲಕ್ಕಿಂತ ತಗ್ಗಿನಲ್ಲಿ ಇರಲೇಬೇಕು, ಇಲ್ಲದಿದ್ದರೆ ನೀರು ಮಲಗುವ ಕೋಣೆಗೆ ನುಗ್ಗುತ್ತದೆ. ಹೀಗೆ ಅವರು ಬಂದ ದಿನವೇ ಎರಡೂ ತುದಿಯ ಎತ್ತರ ನಿರ್ಧಾರವಾಗಿ ಹೋಗಿರುತ್ತದೆ. ಎಷ್ಟೇ ಕೌಶಲವಿದ್ದರೂ ಇಲ್ಲದ ವಾಟವನ್ನು ಅವರು ಎಲ್ಲಿಂದ ತರಬೇಕು?

ಇದಕ್ಕೆ ಟೈಲ್ಸ್ ಗಾತ್ರವೂ ಸೇರಿಕೊಳ್ಳುತ್ತದೆ. ನೀರಿನ ಬಾಯಿ ನೆಲದ ನಡುವೆ ಇದ್ದರೆ ನಾಲ್ಕೂ ಕಡೆಯಿಂದ ಇಳಿಜಾರು ಬೇಕು, ಅಂದರೆ ನೆಲ ನಾಲ್ಕು ಕಡೆ ಬಾಗಬೇಕು. ಎರಡು ಅಡಿ ಚೌಕದ ಟೈಲ್ ಬಾಗುವುದಿಲ್ಲ. ಅದನ್ನು ಕರ್ಣದಲ್ಲಿ ಕತ್ತರಿಸಿ ಜೋಡಿಸಬೇಕು. ಹಾಗೆ ಮಾಡಿದರೆ ನೋಟ ಕೆಡುತ್ತದೆಂದು ಮನೆಯವರು ಒಪ್ಪುವುದಿಲ್ಲ. ಒಂದು ಅಡಿಯ ಅಥವಾ ಅದಕ್ಕಿಂತ ಚಿಕ್ಕ ಟೈಲ್ಸ್ ಹಾಕುವುದು ಒಂದು ದಾರಿ. ಬಾಯಿಯನ್ನೇ ಗೋಡೆಯ ಪಕ್ಕಕ್ಕೆ ಸರಿಸಿ ಇಡೀ ನೆಲವನ್ನು ಒಂದೇ ದಿಕ್ಕಿಗೆ ಇಳಿಸುವುದು ಇನ್ನೂ ಒಳ್ಳೆಯ ದಾರಿ. ಹಳ್ಳಿಯ ಹಳೆಯ ಮನೆಗಳಲ್ಲಿ ಬಚ್ಚಲಿನ ಚಪ್ಪಡಿ ಕಲ್ಲುಗಳನ್ನು ಹಾಸುತ್ತಿದ್ದುದು ಹೀಗೆಯೇ. ಇಡೀ ನೆಲ ಒಂದೇ ಕಡೆಗೆ ವಾಲಿ, ಗೋಡೆಯ ಬುಡದ ತೂತಿನಿಂದ ನೀರು ಹೊರಗಿನ ಬಾಳೆ, ಕೆಸುವಿನ ಬುಡಕ್ಕೆ ಹೋಗುತ್ತಿತ್ತು.

ಆ ಬಚ್ಚಲುಗಳಲ್ಲಿ ದುರ್ವಾಸನೆಯೂ ಕಡಿಮೆ ಇತ್ತು, ಅದಕ್ಕೂ ಕಾರಣವಿದೆ. ನೀರು ಬಯಲಿಗೆ ಹೋಗುತ್ತಿತ್ತು, ಶೌಚಾಲಯ ಬೇರೆ ಕಡೆ ಇರುತ್ತಿತ್ತು. ಈಗ ಬಚ್ಚಲು, ಶೌಚ, ಸಿಂಕ್ ಎಲ್ಲವೂ ಮುಚ್ಚಿದ ಒಳಚರಂಡಿಗೆ ಸೇರುತ್ತವೆ. ನೀರು ಕೆಳಗೆ ಹೋಗುವ ದಾರಿಯಲ್ಲೇ ಚರಂಡಿಯ ಗಾಳಿ ಮೇಲೆ ಬರಬಲ್ಲದು. ಅದನ್ನು ತಡೆಯುವುದು ಕೊಳವೆಯ ಒಂದು ಬಾಗು. ಬಾಗಿನ ತಗ್ಗಿನಲ್ಲಿ ಸ್ವಲ್ಪ ನೀರು ಸದಾ ನಿಂತಿರುತ್ತದೆ, ನೀರು ಅದನ್ನು ದಾಟಿ ಹೋಗುತ್ತದೆ, ಗಾಳಿ ದಾಟಿ ಬರಲಾರದು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಶೌಚಾಲಯದಲ್ಲಿ ಇಂಥ ಬಾಗು ಇತ್ತು. ಇಂದಿನ ಟ್ರ್ಯಾಪ್‌ಗಳ ತತ್ವವೂ ಅದೇ. ನಿಂತ ನೀರು ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚಿನಷ್ಟು ಆಳವಿರಬೇಕು.

ವಾಸನೆ ಬರುತ್ತಿದೆ ಎಂದರೆ ಸಾಮಾನ್ಯವಾಗಿ ಆ ನೀರಿನ ತಡೆ ಹೋಗಿದೆ ಎಂದರ್ಥ. ನೆಂಟರು ಬಂದಾಗ ಮಾತ್ರ ಬಳಸುವ ಬಚ್ಚಲಿನಲ್ಲಿ ಅದು ಬೇಸಿಗೆಯ ಒಣ ಗಾಳಿಗೆ ಆವಿಯಾಗಿ ಹೋಗುತ್ತದೆ. ವಾರಕ್ಕೊಮ್ಮೆ ಎರಡು ಚೊಂಬು ನೀರು ಸುರಿದರೆ ಸಮಸ್ಯೆ ಮುಗಿಯಿತು. ಇನ್ನು ಕೆಲವು ಅಗ್ಗದ ಟ್ರ್ಯಾಪ್‌ಗಳಲ್ಲಿ ಬಾಗಿನ ಬದಲು ಜಾಲರಿಯ ಕೆಳಗೆ ಕವುಚಿ ಇಟ್ಟ ಒಂದು ಸಣ್ಣ ಬಟ್ಟಲು ಇರುತ್ತದೆ. ಕೂದಲು ಸಿಕ್ಕಿ ಕಟ್ಟಿಕೊಳ್ಳುತ್ತದೆಂದು ಅದನ್ನು ತೆಗೆದಿಟ್ಟವರು ಮರಳಿ ಹಾಕುವುದೇ ಇಲ್ಲ. ಬಟ್ಟಲು ಹೋದರೆ ತಡೆಯೂ ಹೋದಂತೆ. ಜಿರಲೆಗಳು ಬರುವುದೂ ಆ ದಾರಿಯಿಂದಲೇ. ಮೂರನೆಯ ಕಾರಣ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮೇಲಿನ ಮಹಡಿಯಲ್ಲಿ ಒಂದು ಬಕೆಟ್ ನೀರು ಒಮ್ಮೆಲೇ ಚೆಲ್ಲಿದಾಗ ಅದು ನಿಂತ ಕೊಳವೆಯಲ್ಲಿ ರಭಸದಿಂದ ಬೀಳುತ್ತ ತನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಗಾಳಿ ಬರಲು ಬೇರೆ ದಾರಿಯಿಲ್ಲದಿದ್ದರೆ ಪಕ್ಕದ ಟ್ರ್ಯಾಪ್‌ಗಳ ನೀರನ್ನೇ ಹೀರಿಕೊಳ್ಳುತ್ತದೆ. ಗುಳುಗುಳು ಸದ್ದು ಕೇಳಿದರೆ ಆಗುತ್ತಿರುವುದು ಅದೇ. ಇದಕ್ಕಾಗಿಯೇ ಆ ಕೊಳವೆಯನ್ನು ತಾರಸಿಯ ಮೇಲಕ್ಕೆ ಒಯ್ದು ಬಾಯಿ ತೆರೆದು ಬಿಡಬೇಕು. ಚೆಂದ ಕಾಣುವುದಿಲ್ಲವೆಂದು ಅದನ್ನು ಕತ್ತರಿಸಿ ಮುಚ್ಚಳ ಹಾಕುವುದುಂಟು. ಸೊಳ್ಳೆ ಪರದೆಯ ತುಂಡು ಕಟ್ಟಬಹುದು, ಮುಚ್ಚಳ ಮಾತ್ರ ಬೇಡ.

ಇನ್ನು ಶವರ್. ನಮ್ಮ ಮನೆಗಳಲ್ಲಿ ನೀರಿನ ಒತ್ತಡ ಬರುವುದು ತಾರಸಿಯ ಟ್ಯಾಂಕಿನಿಂದ. ಅದು ನಲ್ಲಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್, 1 ಮೀಟರ್‌ಗೆ ಅದರ ಹತ್ತನೆಯ ಒಂದು ಭಾಗ. ತಾರಸಿಯಿಂದ 5 ಅಡಿ ಮೇಲೆ ಟ್ಯಾಂಕ್ ಇಟ್ಟಿದ್ದರೆ ಅದರ ತಳಕ್ಕೂ ಮೇಲಿನ ಮಹಡಿಯ ಶವರ್‌ಗೂ ಇರುವ ಅಂತರ ಎಂಟು ಅಡಿಯ ಆಸುಪಾಸು, ಅಂದರೆ ಕಾಲು ಬಾರ್‌ನಷ್ಟು. ಒಂದು ಮಹಡಿ ಕೆಳಗೆ ಅದು ಅರ್ಧ ಬಾರ್ ದಾಟುತ್ತದೆ. ಅಂಗಡಿಯಲ್ಲಿ ಕಣ್ಸೆಳೆಯುವ, ಮಳೆಯಂತೆ ಸುರಿಯುವ ಅಗಲ ಶವರ್‌ಗಳಲ್ಲಿ ಹಲವಕ್ಕೆ ಅರ್ಧದಿಂದ ಒಂದು ಬಾರ್‌ವರೆಗೆ ಬೇಕು. ಅದನ್ನು ತಂದು ಹಾಕಿದ ಮೇಲೆ ಪ್ಲಂಬರ್‌ನನ್ನು ದೂರಿ ಪ್ರಯೋಜನವಿಲ್ಲ. ಕೊಳ್ಳುವ ಮೊದಲು ಡಬ್ಬಿಯ ಮೇಲೆ ಎಷ್ಟು ಒತ್ತಡ ಬೇಕೆಂದು ಬರೆದಿದೆ ಎಂದು ನೋಡಬೇಕು, ಇಲ್ಲವೇ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವ ಸರಳ ಶವರ್ ಕೇಳಬೇಕು.

ಸೋಲಾರ್ ವಾಟರ್ ಹೀಟರ್ ಇರುವಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾರಸಿಯಿಂದ ನೆಲಮಹಡಿಯ ಬಚ್ಚಲಿಗೆ 15 ಮೀಟರ್ ಮುಕ್ಕಾಲಿಂಚಿನ ಕೊಳವೆ ಇದೆ ಎಂದುಕೊಳ್ಳಿ. ಅದರೊಳಗೆ ಸುಮಾರು 4 ಲೀಟರ್ ತಣ್ಣೀರು ನಿಂತಿರುತ್ತದೆ, ಅಷ್ಟೂ ಹೋದ ಮೇಲೆಯೇ ಬಿಸಿನೀರು. ಕೊಳವೆ ಅಗಲ ಮಾಡಿದರೆ ನೀರು ಧಾರಾಳವಾಗಿ ಬರುತ್ತದೆ, ಆದರೆ ವ್ಯರ್ಥವಾಗುವ ತಣ್ಣೀರೂ ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸಬೇಕಾದರೆ ಬಚ್ಚಲುಗಳು ಒಂದರ ಕೆಳಗೊಂದು ಬಂದು ಕೊಳವೆ ಗಿಡ್ಡವಾಗಬೇಕು. ಅದು ನಕ್ಷೆ ಬರೆಯುವಾಗಲೇ ಆಗುವ ತೀರ್ಮಾನ.

ಅಡುಗೆ ಕಟ್ಟೆಯ ಎತ್ತರ ನಮ್ಮಲ್ಲಿ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ, 33 ಅಥವಾ 34 ಇಂಚು. ಯಾರು ಅಡುಗೆ ಮಾಡುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನಿಂತು ಕೆಲಸ ಮಾಡುವವರಿಗೆ ಕಟ್ಟೆ ಮೊಣಕೈಗಿಂತ 4ರಿಂದ 6 ಇಂಚು ಕೆಳಗಿದ್ದರೆ ಹಿತ. ಐದು ಅಡಿ ಎತ್ತರದವರ ಮೊಣಕೈ ನೆಲದಿಂದ ಸುಮಾರು 38 ಇಂಚಿನಲ್ಲಿ ಇರುತ್ತದೆ, ಹಾಗಾಗಿ ತರಕಾರಿ ಹೆಚ್ಚುವುದಕ್ಕೆ ಆ ಕಟ್ಟೆ ಹೇಗೋ ಸರಿಹೋಗುತ್ತದೆ. ಆದರೆ ಅದೇ ಕಟ್ಟೆಯ ಮೇಲೆ ಐದು ಇಂಚಿನ ಗ್ಯಾಸ್ ಸ್ಟೌ, ಅದರ ಮೇಲೆ ಎಂಟು ಇಂಚಿನ ಕುಕ್ಕರ್ ಇಟ್ಟರೆ ಸೌಟು ಆಡಿಸಬೇಕಾದ ಬಾಯಿ 46 ಇಂಚಿಗೆ ಏರಿತು. ತೋಳನ್ನು ಭುಜದ ಹತ್ತಿರಕ್ಕೆ ಎತ್ತಿ ಹಿಡಿದೇ ಹುಳಿ ಕಲಕಬೇಕು. ಪಕ್ಕದ ಸಿಂಕ್‌ನಲ್ಲಿ ಇದಕ್ಕೆ ತದ್ವಿರುದ್ಧ. ಪಾತ್ರೆ ತೊಳೆಯುವ ಕೆಲಸ ನಡೆಯುವುದು ಅದರ ತಳದಲ್ಲಿ, ಅದು ಕಟ್ಟೆಗಿಂತ ಎಂಟು ಇಂಚು ಕೆಳಗೆ. ಅಲ್ಲಿ ಸೊಂಟ ಬಾಗಿಸಬೇಕು. ಒಂದೇ ಮಟ್ಟದ ಗ್ರಾನೈಟ್ ನೋಡಲು ಚೆಂದ, ಆದರೆ ಒಲೆಯ ಭಾಗ ಮೂರು-ನಾಲ್ಕು ಇಂಚು ತಗ್ಗಿ, ಸಿಂಕ್ ಭಾಗ ಎರಡು-ಮೂರು ಇಂಚು ಏರಿದರೆ ದಿನಕ್ಕೆ ಮೂರು ಹೊತ್ತು ಅಲ್ಲಿ ನಿಲ್ಲುವವರ ದೇಹ ಉಳಿಯುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವುದಕ್ಕೆ ಇನ್ನೂ ತಗ್ಗಿನ ಜಾಗ ಬೇಕು. ಆ ಬಲ ಭುಜದಿಂದ ಕೆಳಮುಖವಾಗಿ ಬರುವಂಥದ್ದು. ನೆಲದ ಮೇಲೆ ಕೂತು ಬಡಿಯುತ್ತಿದ್ದವರನ್ನು ಎತ್ತರದ ಕಟ್ಟೆಗೆ ನಿಲ್ಲಿಸಿದರೆ ಕೈ ಸೋಲುತ್ತದೆ.

ಇದನ್ನೆಲ್ಲ ಅಳೆದು ನೋಡಬಹುದೆಂದು ತೋರಿಸಿದವರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಪ್ರಮುಖರು. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸಾರ್ವಜನಿಕ ವಸತಿಗಾಗಿ 1926ರಲ್ಲಿ ಅವರು ರೂಪಿಸಿದ ಅಡುಗೆಮನೆ ಸುಮಾರು 10,000 ಮನೆಗಳಿಗೆ ಬಂತು. ಕೆಲಸಕ್ಕೆ ಹಿಡಿಯುವ ಸಮಯ, ನಡೆಯುವ ಹೆಜ್ಜೆಗಳನ್ನು ಲೆಕ್ಕಹಾಕಿ ಮಾಡಿದ ಆ ವಿನ್ಯಾಸದಲ್ಲಿ ಕೂತು ಕೆಲಸ ಮಾಡಲು ತಿರುಗುವ ಸ್ಟೂಲ್ ಕೂಡ ಇತ್ತು. ಅವು ಕಾರ್ಮಿಕ ಕುಟುಂಬಗಳ ಸಾಧಾರಣ ಮನೆಗಳು ಎಂಬುದನ್ನು ಮರೆಯಬಾರದು. ಹಿತವಾದ ಅಡುಗೆಮನೆ ಶ್ರೀಮಂತರ ಸೊತ್ತಾಗಬೇಕಿಲ್ಲ.

ಮೆಟ್ಟಿಲಿನಲ್ಲಿ ಎಡವುವುದಕ್ಕೂ ಬಚ್ಚಲಿನಲ್ಲಿ ನೀರು ನಿಲ್ಲುವುದಕ್ಕೂ ಕಾರಣ ಒಂದೇ ಎಂದರೆ ಆಶ್ಚರ್ಯವಾಗಬಹುದು. ಮನೆಯೊಳಗಿನ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಪಾದ ಇಡುವ ಅಗಲ 250 ಮಿಲಿಮೀಟರ್‌ಗಿಂತ ಕಡಿಮೆಯಾಗಬಾರದು ಎನ್ನುತ್ತದೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. ಆದರೆ ಎಲ್ಲ ಮೆಟ್ಟಿಲೂ ಸಮವಾಗಿರುವುದು ಅದಕ್ಕಿಂತ ಮುಖ್ಯ. ಮೊದಲ ಎರಡು-ಮೂರು ಹೆಜ್ಜೆಗಳಲ್ಲಿ ಕಾಲು ಎತ್ತರವನ್ನು ಕಲಿತುಬಿಡುತ್ತದೆ, ಆಮೇಲೆ ನಾವು ನೋಡಿ ಹತ್ತುವುದಿಲ್ಲ. ಕಾಂಕ್ರೀಟ್ ಹಾಕುವಾಗ ಮೇಸ್ತ್ರಿ ಎಲ್ಲವನ್ನೂ ಸಮವಾಗಿಯೇ ಹಾಕಿರುತ್ತಾರೆ. ಬಳಿಕ ಕೆಳಗಿನ ಮತ್ತು ಮೇಲಿನ ಕೋಣೆಗಳ ನೆಲಕ್ಕೆ ಗಾರೆ, ಗ್ರಾನೈಟ್ ಸೇರಿ ಎರಡೂವರೆ ಇಂಚು ಏರುತ್ತದೆ, ಮೆಟ್ಟಿಲ ಮೇಲೆ ಮಾತ್ರ ತೆಳು ಗಾರೆ, ಮುಕ್ಕಾಲಿಂಚಿನ ಕಲ್ಲು. ಪರಿಣಾಮವಾಗಿ ಕೆಳಗಿನ ಮೊದಲ ಮೆಟ್ಟಿಲು ಒಂದು ಇಂಚಿಗೂ ಹೆಚ್ಚು ಗಿಡ್ಡವಾಗುತ್ತದೆ, ಮೇಲಿನ ಕೊನೆಯದು ಅಷ್ಟೇ ಎತ್ತರವಾಗುತ್ತದೆ. ಹತ್ತುವವರು ಎಡವುತ್ತಾರೆ. ರಾತ್ರಿ ಇಳಿಯಲು ಹೊರಟ ಹಿರಿಯರ ಕಾಲು ಮೊದಲ ಹೆಜ್ಜೆಯಲ್ಲೇ ನೆಲ ಸಿಗದೆ ತಡವರಿಸುತ್ತದೆ. ಇದು ಕಿರಿಕಿರಿಯಲ್ಲ, ಅಪಾಯ.

ಬಾಗಿಲ ಹಿಂದೆ ಅಡಗುವ ಸ್ವಿಚ್ ಬೋರ್ಡ್ ಕೂಡ ಇದೇ ಜಾತಿಯದು. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಬೋರ್ಡ್ ಕೂರಿಸಿದ ಮೇಲೆ ಬಾಗಿಲು ಯಾವ ಕಡೆ ತೆರೆಯಬೇಕೆಂದು ಬಡಗಿ ಬಂದು ತೀರ್ಮಾನಿಸುತ್ತಾರೆ.

ಎಲ್ಲ ಕಡೆಯೂ ನಡೆಯುವುದು ಇಷ್ಟೇ: ಮುಗಿದ ನೆಲ ಎಲ್ಲಿರುತ್ತದೆ, ಅಲ್ಲಿ ಯಾರು ನಿಲ್ಲುತ್ತಾರೆ ಎಂಬುದು ಗೊತ್ತಿಲ್ಲದೆ ಮೊದಲು ಬಂದವರು ಎತ್ತರ ನಿಗದಿ ಮಾಡುತ್ತಾರೆ, ಕೊನೆಗೆ ಬಂದವರು ಬೈಸಿಕೊಳ್ಳುತ್ತಾರೆ. ಪಾಲಿಕೆಯಲ್ಲೋ ಪಂಚಾಯಿತಿಯಲ್ಲೋ ಮಂಜೂರಾಗುವ ನಕ್ಷೆಯಲ್ಲಿ ಗೋಡೆ, ಕಿಟಕಿ, ಸುತ್ತ ಬಿಡಬೇಕಾದ ಜಾಗ ಇರುತ್ತವೆ. ಬಚ್ಚಲಿನ ವಾಟ ಇರುವುದಿಲ್ಲ. ಮೂವತ್ತು-ನಲವತ್ತರ ನಿವೇಶನದಲ್ಲಿ ಸಾಲ ಮಾಡಿ ಮನೆ ಕಟ್ಟಿಸುವ ಬಹಳಷ್ಟು ಮಂದಿಗೆ ಆ ಒಂದು ನಕ್ಷೆಯ ಹೊರತು ಬೇರೆ ಚಿತ್ರವೇ ಇರುವುದಿಲ್ಲ.

ಒಳ್ಳೆಯ ಕಟ್ಟಡ ಕೆಲಸದಲ್ಲಿ ಇದಕ್ಕೊಂದು ಸರಳ ಪದ್ಧತಿಯಿದೆ. ಮುಗಿದ ನೆಲ ಎಲ್ಲಿ ಬರುತ್ತದೆಂದು ಮೊದಲೇ ನಿರ್ಧರಿಸಿ, ಅದರಿಂದ ಸರಿಯಾಗಿ 1 ಮೀಟರ್ ಮೇಲೆ ಪ್ರತಿ ಕೋಣೆಯ ಗೋಡೆಯಲ್ಲೂ ಒಂದು ಗೆರೆ ಹಾಕುತ್ತಾರೆ. ನೀರು ತುಂಬಿದ ಪಾರದರ್ಶಕ ಪೈಪು ಅಥವಾ ಲೇಸರ್ ಉಪಕರಣದಿಂದ ಆ ಗೆರೆ ಮನೆಯಿಡೀ ಒಂದೇ ಮಟ್ಟದಲ್ಲಿ ಬರುತ್ತದೆ. ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್‌ನವರು, ಬಡಗಿ ಎಲ್ಲರೂ ಆ ಗೆರೆಯಿಂದಲೇ ಅಳೆಯುತ್ತಾರೆ. ಯಾರೂ ಅಂದಾಜು ಮಾಡಬೇಕಾಗಿಲ್ಲ.

ಮನೆ ಕಟ್ಟಿಸುವವರು ಈ ಗೆರೆಯನ್ನು ಕೇಳಿ ಪಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಅದು ಉಪಯೋಗಕ್ಕೆ ಬರಬೇಕಾದರೆ ಟೈಲ್ಸ್ ಮತ್ತು ಕಲ್ಲನ್ನು ಪ್ಲಂಬರ್ ಬರುವ ಮೊದಲೇ ಆರಿಸಿರಬೇಕು. ಅಡುಗೆ ಕಟ್ಟೆಗೆ ಇಟ್ಟಿಗೆ ಇಡುವ ದಿನ ಅಡುಗೆ ಮಾಡುವವರು ಅಲ್ಲಿ ನಿಂತು ಮೊಣಕೈ ಅಳೆಸಬೇಕು. ಮನೆಯ ಯಜಮಾನರು ಗುತ್ತಿಗೆದಾರರೊಡನೆ ಮಾತಾಡಿ ಮುಗಿಸುವ ವಿಷಯ ಇದಲ್ಲ. ಕರಾರು ಪತ್ರದಲ್ಲಿ ಎರಡು ಸಾಲು ಸೇರಿಸಿದರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ: ಕೊನೆಯ ಕಂತಿನ ಹಣ ಕೊಡುವ ಮೊದಲು ಪ್ರತಿ ಬಚ್ಚಲಿನ ದೂರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿದು, ಅದು ಎಲ್ಲೂ ನಿಲ್ಲದೆ ಹರಿದುಹೋಗುವುದನ್ನು ತೋರಿಸಬೇಕು, ಮೊದಲ ಮತ್ತು ಕೊನೆಯ ಮೆಟ್ಟಿಲನ್ನು ಅಳೆದು, ನಡುವಿನವುಗಳಿಗೆ ಸಮವಾಗಿದೆಯೆಂದು ತೋರಿಸಬೇಕು.