ಮೊದಲು ತಿರುವು ಅಳೆಯಿರಿ, ಮೋಟಾರು ಆಮೇಲೆ

ರಿಮೋಟ್ ಕಾರುಗಳ ರೇಸು ಅಂದ ಕೂಡಲೇ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಯಾವ ಮೋಟಾರು ಹಾಕಿದರೆ ಜಾಸ್ತಿ ಸ್ಪೀಡು, ಸರ್?" ಪ್ರಶ್ನೆ ತಪ್ಪಲ್ಲ. ಆದರೆ ಅದು ಮೊದಲ ಪ್ರಶ್ನೆ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ. ಶಾಲೆಯ ವಿಜ್ಞಾನ ಸಂಘದಲ್ಲಿ ಪುಟ್ಟ ಕಾರುಗಳ ರೇಸು ನಡೆಸುವುದಾದರೆ ಎಲ್ಲ ಕಾರುಗಳಿಗೂ ಒಂದೇ ಬಗೆಯ ಸಾಧಾರಣ ಮೋಟಾರು ಇರಲಿ. ಜಾಣತನವೆಲ್ಲ ಗೇರು, ಟೈರು, ತೂಕಗಳಲ್ಲಿ ಕಾಣಲಿ. ಇದು ಬರೀ ನ್ಯಾಯದ ಮಾತಲ್ಲ, ಲೆಕ್ಕವೂ ಇದನ್ನೇ ಹೇಳುತ್ತದೆ.

ಈ ಆಟಕ್ಕೆ ಹೆಸರಾದ ಎರಡು ಕಾರುಗಳು ಬಂದದ್ದು ಜಪಾನಿನಿಂದ. ತಮಿಯಾ ಕಂಪನಿ 1994ರಲ್ಲಿ ತನ್ನ ಎಂ-01 ಚಾಸಿಯ ಮೇಲೆ ಮಿನಿ ಕೂಪರ್ ಕಾರನ್ನು ತಂದಿತು. ಅದು ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆ. ಮುಂದಿನ ಚಕ್ರಗಳೇ ಎಳೆಯುತ್ತವೆ. ಕ್ಯೋಶೋ ಕಂಪನಿಯ ಮಿನಿ-ಝಡ್ 1999ರಲ್ಲಿ ಬಂತು. ಅದು ಅಂಗೈ ಮೇಲೆ ಕೂರುವಷ್ಟು ಚಿಕ್ಕದು. ನಾಲ್ಕು ಸಣ್ಣ ಸೆಲ್ಲುಗಳಲ್ಲಿ, 130 ಗಾತ್ರದ ಪುಟ್ಟ ಮೋಟಾರಿನಲ್ಲಿ ಓಡುತ್ತದೆ. ಎಷ್ಟೋ ಕ್ಲಬ್ಬುಗಳು ಇಂಥ ಕಾರುಗಳಿಗೆ ಪೆಟ್ಟಿಗೆಯ ಜೊತೆ ಬಂದ ಮೋಟಾರನ್ನೇ ಕಡ್ಡಾಯ ಮಾಡಿವೆ. ಕೆಲವು ರೇಸುಗಳಲ್ಲಂತೂ ಮೋಟಾರನ್ನು ಸಂಘಟಕರೇ ಆ ದಿನ ಕೈಗೆ ಕೊಡುತ್ತಾರೆ. ಯಾಕೆ ಹೀಗೆ?

ಒಂದು ತಿರುವನ್ನು ತೆಗೆದುಕೊಳ್ಳಿ. ಕಾರು ತಿರುಗುವಾಗ ಅದನ್ನು ಒಳಕ್ಕೆ ಹಿಡಿದಿಡುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಆ ಹಿಡಿತಕ್ಕೆ ಒಂದು ಮಿತಿ ಇದೆ. ಸಮತಟ್ಟಾದ ನೆಲದಲ್ಲಿ ಜಾರದೆ ತಿರುಗಬಹುದಾದ ಗರಿಷ್ಠ ವೇಗದ ವರ್ಗ ಎಂದರೆ ಘರ್ಷಣಾ ಗುಣಾಂಕ, ಗುರುತ್ವ ವೇಗೋತ್ಕರ್ಷ, ತಿರುವಿನ ತ್ರಿಜ್ಯ, ಈ ಮೂರರ ಗುಣಲಬ್ಧ. ಗುಣಾಂಕ 0.8, ತ್ರಿಜ್ಯ ಅರ್ಧ ಮೀಟರ್ ಇರಲಿ. 0.8 × 9.8 × 0.5 = 3.92. ಅದರ ವರ್ಗಮೂಲ ಸುಮಾರು 2. ಅಂದರೆ ಸೆಕೆಂಡಿಗೆ 2 ಮೀಟರ್, ಗಂಟೆಗೆ ಏಳು ಕಿಲೋಮೀಟರಿನಷ್ಟು. ಈ ಲೆಕ್ಕದಲ್ಲಿ ಮೋಟಾರಿನ ಹೆಸರೇ ಇಲ್ಲ, ಗಮನಿಸಿದಿರಾ? ನೂರು ರೂಪಾಯಿಯ ಮೋಟಾರಾದರೂ ಅಷ್ಟೇ, ಸಾವಿರ ರೂಪಾಯಿಯದಾದರೂ ಅಷ್ಟೇ. ಅದಕ್ಕಿಂತ ಜೋರಾಗಿ ಹೋದರೆ ಕಾರು ಜಾರಿ ಗೋಡೆಗೆ ಬಡಿಯುತ್ತದೆ.

ಘರ್ಷಣಾ ಗುಣಾಂಕ ತಿಳಿಯಲು ದುಬಾರಿ ಉಪಕರಣ ಬೇಡ. ಟ್ರ್ಯಾಕಿಗೆ ಹಾಸುವ ವಸ್ತುವನ್ನೇ ಒಂದು ಹಲಗೆಗೆ ಅಂಟಿಸಿ. ಚಕ್ರಗಳು ತಿರುಗದಂತೆ ದಾರದಿಂದ ಕಟ್ಟಿದ ಕಾರನ್ನು ಅದರ ಮೇಲಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿ. ಕಾರು ಜಾರಲು ಶುರುವಾದಾಗ ಎತ್ತರವನ್ನು ನೆಲದ ಮೇಲಿನ ಅಡ್ಡ ದೂರದಿಂದ ಭಾಗಿಸಿ. ಎತ್ತರ 40 ಸೆಂ.ಮೀ., ಅಡ್ಡ ದೂರ 50 ಸೆಂ.ಮೀ. ಬಂದರೆ ಗುಣಾಂಕ 0.8.

ಇನ್ನು ನೇರ ದಾರಿ. ಆರಾರು ಮೀಟರಿನ ಎರಡು ನೇರ ದಾರಿ, ಅರ್ಧ ಮೀಟರ್ ತ್ರಿಜ್ಯದ ಎರಡು ಅರ್ಧವೃತ್ತ, ಇದು ನಮ್ಮ ಟ್ರ್ಯಾಕ್ ಎಂದುಕೊಳ್ಳಿ. ತಿರುವುಗಳ ಒಟ್ಟು ಉದ್ದ 3.14 ಮೀಟರ್, ಅದಕ್ಕೆ 1.6 ಸೆಕೆಂಡು. ನೇರದಲ್ಲಿ ಸರಾಸರಿ ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ 4 ಸೆಕೆಂಡು. ಈಗ ಬಲವಾದ ಮೋಟಾರು ಹಾಕಿ ಆ ಸರಾಸರಿಯನ್ನು ಶೇ. 10ರಷ್ಟು ಹೆಚ್ಚಿಸಿದಿರಿ. ಒಂದು ಸುತ್ತಿಗೆ ಉಳಿಯುವುದು 0.36 ಸೆಕೆಂಡು. ಒಮ್ಮೆ ಕಾರು ಮಗುಚಿ, ಯಾರೋ ಓಡಿ ಹೋಗಿ ನೆಟ್ಟಗೆ ಮಾಡಿ ಬಿಡುವುದಕ್ಕೆ 5 ಸೆಕೆಂಡು ಹೋಯಿತು ಅನ್ನಿ. ಸುಮಾರು 14 ಸುತ್ತುಗಳ ಲಾಭ ಅಲ್ಲಿಗೇ ಮುಗಿಯಿತು!

ಬಲವಾದ ಮೋಟಾರಿಗೆ ಬೇರೆ ಬೆಲೆಯೂ ಇದೆ. ಬ್ರಷ್ ಇರುವ ಮೋಟಾರಿನಲ್ಲಿ ತಂತಿಯ ಸುತ್ತು ಕಡಿಮೆ ಮಾಡಿದರೆ ಅದೇ ವೋಲ್ಟೇಜಿಗೆ ವೇಗ ಏರುತ್ತದೆ. ಆದರೆ ಅದು ಎಳೆದುಕೊಳ್ಳುವ ಕರೆಂಟೂ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು. ಬ್ಯಾಟರಿ ಬೇಗ ಖಾಲಿ, ಬ್ರಷ್ ಬೇಗ ಸವೆತ. ಚಕ್ರ ಎಲ್ಲಾದರೂ ಸಿಕ್ಕಿ ನಿಂತಾಗ ಕರೆಂಟು ಅತಿ ಹೆಚ್ಚು ಹರಿಯುತ್ತದೆ. ಆಗ ರಿಮೋಟ್ ಒತ್ತಿ ಹಿಡಿಯಲೇಬೇಡಿ, ಮೋಟಾರು ಸುಟ್ಟೇ ಹೋದೀತು.

ಹಾಗಂತ ಎಷ್ಟು ನಿಧಾನದ ಮೋಟಾರಾದರೂ ನಡೆಯುತ್ತದಾ? ಇಲ್ಲ. ಅಟಲ್ ಟಿಂಕರಿಂಗ್ ಲ್ಯಾಬಿನಲ್ಲೋ ರೋಬೋಟಿಕ್ಸ್ ಕಿಟ್ಟಿನಲ್ಲೋ ಹಳದಿ ಡಬ್ಬಿಯ ಗೇರ್ ಮೋಟಾರನ್ನು ನೀವು ನೋಡಿರಬಹುದು. ಅದರ ತುದಿಯಲ್ಲಿ ಕೂತಿರುವುದೂ 130 ಗಾತ್ರದ ಮೋಟಾರೇ. ಆದರೆ ಸಾಮಾನ್ಯವಾಗಿ ಅದು 48 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರ ನಿಮಿಷಕ್ಕೆ 200 ಸುತ್ತು, ಅದರ ವ್ಯಾಸ 65 ಮಿ.ಮೀ. ಎಂದು ಹಿಡಿದರೂ ವೇಗ ಸೆಕೆಂಡಿಗೆ 0.68 ಮೀಟರ್ ಅಷ್ಟೇ. ತಿರುವಿನ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಅದು ರೇಸಲ್ಲ, ಮೆರವಣಿಗೆ. ಆದ್ದರಿಂದ ಮೊದಲು ತಿರುವನ್ನು ಅಳೆಯಿರಿ, ಅದರ ಮಿತಿ ಲೆಕ್ಕ ಹಾಕಿ. ನೇರ ದಾರಿಯಲ್ಲಿ ಆ ಮಿತಿಯನ್ನು ಸಾಕಷ್ಟು ದಾಟಬಲ್ಲ, ಸುಲಭವಾಗಿ ಸಿಗುವ ಮೋಟಾರೊಂದನ್ನು ಎಲ್ಲರಿಗೂ ಆರಿಸಿ.

ಆಮೇಲೆ ಶುರು ನಿಜವಾದ ಕೆಲಸ. ಚಕ್ರದ ಗೇರಿಗೆ 44 ಹಲ್ಲು ಇದ್ದು, ಮೋಟಾರಿನ ಪಿನಿಯನ್ನಿಗೆ 6 ಹಲ್ಲು ಇದ್ದರೆ ಅನುಪಾತ 7.33, 9 ಹಲ್ಲು ಇದ್ದರೆ 4.89. ಮೊದಲನೆಯದು ತಿರುವಿನಿಂದ ಚುರುಕಾಗಿ ಎದ್ದು ಬರುತ್ತದೆ, ಎರಡನೆಯದಕ್ಕೆ ಉದ್ದದ ದಾರಿಯಲ್ಲಿ ಹೆಚ್ಚು ವೇಗ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಳೆಯುವ ಕೆಲಸವೂ ತಿರುಗಿಸುವ ಕೆಲಸವೂ ಮುಂದಿನ ಟೈರಿನದೇ. ಅದಕ್ಕೇ ತಿರುವಿನಲ್ಲಿ ಅದು ಹೊರಕ್ಕೆ ಸರಿಯುತ್ತದೆ. ಮುಂದೆ ಮೆತ್ತನೆಯ ಟೈರು, ಹಿಂದೆ ಸ್ವಲ್ಪ ಗಟ್ಟಿ ಟೈರು ಹಾಕಿ ನೋಡಿ. ಬಾಲ ಬೀಸತೊಡಗಿದರೆ ವ್ಯತ್ಯಾಸ ಕಡಿಮೆ ಮಾಡಿ. ಹಿಡಿತ ತುಂಬ ಹೆಚ್ಚಾಗಿ ಕಾರು ಮಗುಚಿದರೆ ಬ್ಯಾಟರಿಯನ್ನು ಕೆಳಕ್ಕೆ ಇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

"ಎಲ್ಲರಿಗೂ ಒಂದೇ ಮೋಟಾರು ಅಂದರೆ ಹೊಸತನಕ್ಕೆ ಜಾಗ ಎಲ್ಲಿ?" ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಆಕ್ಷೇಪವೇ. ಮೋಟಾರನ್ನು ಬಿಚ್ಚಿ, ತಂತಿ ಸುತ್ತಿ ಕಲಿಯುವುದೂ ಬೇಕು. ಅದಕ್ಕೆ ಬೇರೆ ದಿನ, ಬೇರೆ ವಿಭಾಗ ಇಡೋಣ. ಅಲ್ಲಿ ಮೋಟಾರಿನ ಜೊತೆ ಅದು ಎಳೆದ ಕರೆಂಟು, ಐದು ನಿಮಿಷ ಓಡಿದ ಮೇಲಿನ ಬಿಸಿ, ಸುತ್ತಿನ ಸಮಯ, ಇಷ್ಟನ್ನೂ ಬರೆದು ತರಬೇಕು. ಒಂದೇ ಬಗೆಯ ಮೋಟಾರುಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಅದಕ್ಕೆ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ, ರೇಸಿನ ದಿನ ಚೀಟಿ ಎತ್ತಿ ಹಂಚಿ.

ಗಡಿಯಾಚೆಯ ನಮ್ಮ ಎಷ್ಟೋ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯೇ ಕಡಿಮೆ. ಎಂಟು ಜನರ ಸಂಘದಲ್ಲಿ ಮನೆಯಲ್ಲಿ ದುಡ್ಡಿರುವ ಒಬ್ಬನೇ ಪ್ರತಿ ಸಲ ಗೆಲ್ಲುತ್ತಿದ್ದರೆ ಉಳಿದವರು ಒಬ್ಬೊಬ್ಬರಾಗಿ ಬರುವುದನ್ನು ಬಿಡುತ್ತಾರೆ. ನಾಲ್ಕು ಜನ ಬಿಟ್ಟರೆ ಸಂಘವೇ ಇರುವುದಿಲ್ಲ. ಗೆದ್ದವನಿಗೂ ಆಮೇಲೆ ಯಾರ ಜೊತೆ ಓಡಿಸುವುದು?

ಕೊನೆಗೆ ಒಂದು ಮಾತು. ಕಿಟ್ಟುಗಳ ಜೊತೆ ಕನ್ನಡದ ಕೈಪಿಡಿ ಬರುವುದಿಲ್ಲ. ಒಂದು ನೋಟ್ ಬುಕ್ ಇಟ್ಟು ತಾರೀಕು, ಗೇರಿನ ಹಲ್ಲು, ಟೈರು, ಸುತ್ತಿನ ಸಮಯ, ಕಾರು ಮಗುಚಿದ ಲೆಕ್ಕ ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಿ. ಮುಂದಿನ ವರ್ಷ ಸಂಘಕ್ಕೆ ಬರುವ ತಂಗಿ ತಮ್ಮಂದಿರಿಗೆ ಅದೇ ಕೈಪಿಡಿ.