ಚಾಕೊಲೇಟಿಗೆ ಗೆಳೆಯ, ಕಬ್ಬಿಗೆ ಕಳ್ಳ

ಕಚ್ಚಿದ ಕೂಡಲೇ ಒಳಗಿಂದ ಸಿಹಿ ರಸ ಜಿನುಗುವ ಚಾಕೊಲೇಟ್ ತಿಂದಿರ್ತೀರಿ. ಆ ರಸ ಒಳಗೆ ಹೋಗಿದ್ದು ಹೇಗೆ? ಅಂಥ ಕೆಲವು ಚಾಕೊಲೇಟ್‌ಗಳಲ್ಲಿ ರಸವನ್ನು ಯಾರೂ ತುಂಬಿರುವುದೇ ಇಲ್ಲ! ಗಟ್ಟಿ ಸಕ್ಕರೆ ಪಾಕಕ್ಕೆ ‘ಇನ್ವರ್ಟೇಸ್’ ಎಂಬ ಕಿಣ್ವವನ್ನು ಚೂರೇ ಚೂರು ಬೆರೆಸಿ, ಉಂಡೆ ಮಾಡಿ, ಮೇಲೆ ಚಾಕೊಲೇಟ್ ಹೊದಿಸುತ್ತಾರೆ. ಡಬ್ಬಿಯಲ್ಲಿ ಕೂತಿರುವಾಗಲೇ, ಕೆಲವು ದಿನ ಅಥವಾ ವಾರಗಳಲ್ಲಿ, ಉಂಡೆ ತಾನಾಗಿಯೇ ರಸವಾಗುತ್ತದೆ.

ಹೆಸರು ಕೇಳಿ ಮನೆಯ ಇನ್ವರ್ಟರ್ ನೆನಪಾಯ್ತಾ? ಅದಕ್ಕೂ ಇದಕ್ಕೂ ನಂಟಿಲ್ಲ. ನಾವು ಕಾಫಿಗೆ ಹಾಕೋ ಸಕ್ಕರೆ ಅಂದರೆ ಸುಕ್ರೋಸ್. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಹಿಡಿದು ನಿಂತ ಜೋಡಿ ಅದು. ನೀರಿನ ನೆರವಿನಿಂದ ಆ ಕೈ ಬಿಡಿಸುವುದಷ್ಟೇ ಈ ಕಿಣ್ವದ ಕೆಲಸ. ಸಕ್ಕರೆ ನೀರು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸಿದರೆ, ಜೋಡಿ ಒಡೆದ ಮೇಲೆ ಎಡಕ್ಕೆ ತಿರುಗಿಸುತ್ತದೆ. ‘ಇನ್ವರ್ಟ್’ ಎಂಬ ಹೆಸರು ಬಂದಿದ್ದು ಈ ತಿರುವು ಮುರುವಿನಿಂದ.

ಬಿಡಿಯಾದ ಸಕ್ಕರೆಗಳು ಸುಲಭವಾಗಿ ಹರಳುಗಟ್ಟುವುದಿಲ್ಲ, ತೇವ ಹಿಡಿದಿಡುತ್ತವೆ, ಸಿಹಿಯೂ ತುಸು ಹೆಚ್ಚು. ಅದಕ್ಕೇ ಕೇಕ್, ಮಿಠಾಯಿ ಮಾಡುವವರಿಗೆ ಇನ್ವರ್ಟ್ ಸಿರಪ್ ಅಚ್ಚುಮೆಚ್ಚು. ಪೊಟ್ಟಣದ ಮೇಲೆ ಈ ಹೆಸರು ಕಂಡರೆ ಮೋಸಹೋಗಬೇಡಿ, ಅದೂ ಸಕ್ಕರೆಯೇ. ಉದ್ಯಮಕ್ಕೆ ಬೇಕಾದ ಇನ್ವರ್ಟೇಸ್ ಹೆಚ್ಚಾಗಿ ಬರುವುದು ಬ್ರೆಡ್ ಉಬ್ಬಿಸುವ ಯೀಸ್ಟ್‌ನಿಂದ. ಕಿಣ್ವಗಳ ವೇಗ ಅಳೆಯುವ ಪ್ರಸಿದ್ಧ ಸೂತ್ರವನ್ನು 1913ರಲ್ಲಿ ಮೈಕೆಲಿಸ್ ಮತ್ತು ಮಾಡ್ ಮೆಂಟೆನ್ ಕೊಟ್ಟಿದ್ದೂ ಇದರ ಮೇಲೆ ಪ್ರಯೋಗ ಮಾಡಿಯೇ.

ಇಷ್ಟೆಲ್ಲ ಉಪಕಾರಿಯಾದ ಇನ್ವರ್ಟೇಸ್ ಕಬ್ಬಿನೊಳಗೂ ಇದೆ. ಬೆಳೆಯುವ ಎಳೆ ಕಬ್ಬಿಗೆ ಅದು ಬೇಕೇ ಬೇಕು, ಸಕ್ಕರೆ ಒಡೆದು ಬೆಳವಣಿಗೆಗೆ ಶಕ್ತಿ ಒದಗಿಸುತ್ತದೆ. ಕಬ್ಬು ಬಲಿತಂತೆ ಅದರ ಆಟ ತಗ್ಗಿ, ಸಕ್ಕರೆ ಶೇಖರವಾಗುತ್ತದೆ. ಆದರೆ ಕಟಾವಾದ ಕೂಡಲೇ ಕಿಣ್ವ ಮತ್ತೆ ಚುರುಕಾಗುತ್ತದೆ. ಬಿಸಿಲಿದ್ದರಂತೂ ಇನ್ನೂ ಜೋರು. ಚಾಕೊಲೇಟ್‌ನಲ್ಲಿ ನಮಗೆ ಬೇಕಾಗಿದ್ದ ಅದೇ ಕೆಲಸ ಇಲ್ಲಿ ಕಳ್ಳತನ. ಹರಳಾಗಬೇಕಿದ್ದ ಸಕ್ಕರೆ ಒಡೆದುಹೋದರೆ ಕಾರ್ಖಾನೆಗೆ ಅದು ದಕ್ಕುವುದಿಲ್ಲ. ಆಲೆಮನೆಯವರಿಗೂ ಇದು ಗೊತ್ತು: ಕಡಿದು ದಿನಗಟ್ಟಲೆ ಬಿದ್ದಿದ್ದ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ಮೆತ್ತಗಾಗಿ ಬೇಗ ನೀರು ಬಿಡುತ್ತದೆ.

ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು ಅನ್ನುವುದು ಇದಕ್ಕೇ. ತಡವಾದರೆ ಕಬ್ಬು ಒಣಗಿ ತೂಕವೂ ಇಳಿಯುತ್ತದೆ, ಆ ನಷ್ಟ ನೇರ ರೈತನದು. ಎಫ್‌ಆರ್‌ಪಿ ದರದ ಲೆಕ್ಕ ಕಾರ್ಖಾನೆಯ ಸಕ್ಕರೆ ಇಳುವರಿಗೆ ಜೋಡಿಸಿದ್ದರಿಂದ, ಇಳುವರಿ ಕುಸಿದರೆ ಅದರ ಬಿಸಿಯೂ ಅವನಿಗೇ. ಕಟಾವಿಗೆ ಒಪ್ಪಿಗೆ ಕೊಡುವ ಕಾರ್ಖಾನೆ, ಅರೆಯುವ ದಿನವನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಕಿಣ್ವಕ್ಕೆ ಕ್ಯೂ ಗೊತ್ತಿಲ್ಲ, ರಜೆಯೂ ಇಲ್ಲ.

ಮಂಡ್ಯ, ಬೆಳಗಾವಿ ಕಡೆ ಹೋಗುವಾಗ ಸಾಲುಗಟ್ಟಿ ನಿಂತ ಕಬ್ಬಿನ ಟ್ರ್ಯಾಕ್ಟರ್‌ಗಳು ಸಿಕ್ಕರೆ ‘ಅಯ್ಯೋ, ಟ್ರಾಫಿಕ್’ ಅಂತ ಗೊಣಗಬೇಡಿ. ನಮಗೆ ಹೋಗುವುದು ಹತ್ತು ನಿಮಿಷ. ಆ ಸಾಲಿನಲ್ಲಿ ನಿಂತವರಿಗೆ ಸೋರಿಹೋಗುತ್ತಿರುವುದು ವರ್ಷದ ದುಡಿಮೆ.