ಗುಂಡು ಬಿದ್ದ ಜಾಗವೇ ಸಾಕ್ಷಿ
ಹಳೆಯ ರಣಭೂಮಿಗಳಲ್ಲಿ ಲೋಹಶೋಧಕ ಹಿಡಿದು ಗುಂಡು, ನಾಣ್ಯ ಅಗೆದೊಯ್ಯುವ ಹವ್ಯಾಸಿಗಳು ಇತಿಹಾಸವನ್ನು ತುಕ್ಕು, ಕಿಲುಬಿನಿಂದ ಉಳಿಸುತ್ತಾರೆ ಎಂಬ ವಾದ ತಪ್ಪು. ಉಳಿಯುವುದು ಲೋಹ ಮಾತ್ರ. ಇತಿಹಾಸ ಅಗೆದ ಗುಂಡಿಯಲ್ಲೇ ಮಣ್ಣುಪಾಲು.

ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಲಕೋಟಾ, ಶಯಾನ್ ಮೂಲನಿವಾಸಿ ಯೋಧರೆದುರು ಸೇನಾಧಿಕಾರಿ ಕಸ್ಟರ್ ಜೊತೆಗಿದ್ದ ತುಕಡಿ ಪೂರ್ತಿ ಅಳಿಯಿತು. 1983ರ ಕಾಳ್ಗಿಚ್ಚು ಅಲ್ಲಿನ ಹುಲ್ಲನ್ನು ಸುಟ್ಟ ಮೇಲೆ, 1984ರಲ್ಲಿ ಪುರಾತತ್ತ್ವಜ್ಞರು ಹುಡುಕಿದ್ದೂ ಲೋಹಶೋಧಕದಿಂದಲೇ. ಆದರೆ ಪ್ರತಿ ತೋಟೆಯ ಜಾಗವನ್ನು ಅಳೆದು ಗುರುತು ಹಾಕಿದ ನಂತರವೇ ಅದನ್ನು ಎತ್ತಿದರು. ಖಾಲಿ ತೋಟೆಯ ತಳದಲ್ಲಿ ಬಂದೂಕಿನ ಸೂಜಿ ಬಡಿದು ಮೂಡುವ ಪುಟ್ಟ ಕುಳಿ ಒಂದೊಂದು ಬಂದೂಕಿಗೂ ಬೇರೆ. ಒಂದೇ ಗುರುತಿನ ತೋಟೆಗಳು ಬಿದ್ದಿದ್ದ ಸ್ಥಳಗಳನ್ನು ಜೋಡಿಸಿದಾಗ ಆ ಬಂದೂಕು ಸಾಗಿದ ದಾರಿಯೇ ಕಂಡಿತು. ಹವ್ಯಾಸಿಯ ಡಬ್ಬಿ ಸೇರಿದ ತೋಟೆ ಇದನ್ನು ಹೇಳಲಾರದು. ಕಿಲುಬಿನ ಭಯವೂ ಅತಿಯಾಯಿತು: 108 ವರ್ಷ ಮಣ್ಣಲ್ಲಿದ್ದರೂ ಆ ಕುಳಿಗಳು ಓದುವಷ್ಟು ಸ್ಪಷ್ಟವಾಗಿದ್ದವು.